ಬೋಳು ಮಾಳಿಗೆ

ಭಾವ ಶತ್ರುವಿನ ಶೆಲ್ಲಿಗೆ ಸತ್ತನೆಂದು ಪಡೆಯವರು ಅಕ್ಕನಿಗೆ ಕಾಗದ ಬರೆದಿದ್ದರು. ಅವರಿಗೆ ಗೊತ್ತಿಲ್ಲದಿದ್ದರೂ ಅದು ಹಸಿ ಸುಳ್ಳು. ಶೆಲ್ ಹೊಡೆದವನು ಅವಳ ಸ್ವಂತ ತಮ್ಮ ಕಿವುಡಣ್ಣ. ಹೇಳಿದರೆ ಜೈಲು, ಅದಕ್ಕಿಂತ ಹೆಚ್ಚಾಗಿ ಅಕ್ಕ ಕೈತಪ್ಪಿ ಹೋದಾಳೆಂಬ ಭಯ. ಆದರೂ ಹೇಳಲೆಂದೇ ರಜೆ ಹಾಕಿ ಬಂದು ಅವಳ ಅಡುಗೆಮನೆಯಲ್ಲಿ ಕೂತಿದ್ದ.

ಶೆಲ್ ಹಾರಿಸುವ ಮಾರ್ಟರಿನ ಸದ್ದಿಗೆ ಅವನ ಎಡಗಿವಿ ಎಂದೋ ಹೋಗಿತ್ತು. ಕೈ ಮಾತ್ರ ಭಾರಿ ಚುರುಕು: ಮೊದಲ ಶೆಲ್ ನೆಲ ಮುಟ್ಟುವುದರೊಳಗೆ ಇನ್ನೆರಡು ಆಕಾಶದಲ್ಲಿರುತ್ತಿದ್ದವು. ಈ ಚುರುಕಿಗೆ ಬೆಂಕಿ ಬೀಳಲಿ.

ಪಡೆಯ ಕಟ್ಟಳೆ ಸರಳ. ನಮ್ಮವರು ಹೊಕ್ಕ ಕಟ್ಟಡದ ಮಾಳಿಗೆಯ ಮೇಲೆ ಕಿತ್ತಳೆ ಬಟ್ಟೆ ಹಾಸಬೇಕು. ಬಟ್ಟೆ ಕಾಣದಿದ್ದರೆ ಹೊಡೆಯುವ ಮೊದಲು ವೈರ್‌ಲೆಸ್ಸಿನಲ್ಲಿ ಮೂರು ಸಲ ಕೇಳಬೇಕು. ಮೂರು ಸಲ ಕೇಳುತ್ತ ಕೂತವನ ತಲೆ ಹೆಗಲ ಮೇಲೆ ಉಳಿಯುವುದಿಲ್ಲ ಎಂದು ತಂಡದವರು ಒಂದೇ ಸಲ ಕೇಳಿ ಕೈತೊಳೆದುಕೊಳ್ಳುತ್ತಿದ್ದರು.

ಭಾವ ಸತ್ತ ಬೆಳಿಗ್ಗೆ ಹಿಟ್ಟಿನ ಗಿರಣಿಯ ಕಡೆಯಿಂದ ಗುಂಡು ಬಂತು. ಶೆಲ್ ಎತ್ತಿಕೊಡುತ್ತಿದ್ದವನ ದವಡೆ ಹಾರಿಹೋಯಿತು. ಅವನು ಎರಡೂ ಕೈಯಲ್ಲಿ ಮುಖ ಹುಡುಕುತ್ತ ಕುಸಿದ. ಪಕ್ಕದವನ ಕತ್ತಿನಿಂದ ಚಿಮ್ಮಿದ ರಕ್ತ ಬಿಸಿ ನಳಿಗೆಯ ಮೇಲೆ ಚುರ್ರೆಂದಿತು. ಕಿವುಡಣ್ಣ ಗಿರಣಿಯತ್ತ ನೋಡಿದ. ಮಾಳಿಗೆ ಬೋಳು.

"ಗಿರಣೀಲಿ ಯಾರಿದ್ದೀರಿ? ನಮ್ಮೋರಾ?" ಎಂದು ಒಮ್ಮೆ ಕೇಳಿದ. ಉತ್ತರವಿಲ್ಲ. ಬೈಗುಳದ ಜೊತೆ ಒಂದರ ಹಿಂದೆ ಒಂದು ಮೂರು ಶೆಲ್ ಬಿಟ್ಟ.

ಮೂರನೆಯದು ನಳಿಗೆ ದಾಟಿದಾಗ ವೈರ್‌ಲೆಸ್ ಬಾಯಿಬಿಟ್ಟಿತು. ಭಾವನ ಧ್ವನಿ. "ನಮ್ಮೋರು ಕಣ್ರೋ! ಕೈ ಬಿಡುವಿರ್ಲಿಲ್ಲ, ಹೊಡೀಬೇಡ್ರೋ!"

ಗಿರಣಿ ಮೂರು ಸಲ ಎದ್ದು ಬಿತ್ತು. ಶತ್ರು ಇದ್ದದ್ದು ಪಕ್ಕದ ಗೋದಾಮಿನಲ್ಲಿ.

ಕಿವುಡಣ್ಣ ಗುಂಡುಗಳ ನಡುವೆಯೇ ಓಡಿದ. ಹಿಟ್ಟಿನ ಧೂಳು ರಕ್ತದಲ್ಲಿ ಕಲೆತು ಕಾಲಿಗೆ ಮೆತ್ತಿತು. ಒಬ್ಬನ ಕಡಿದ ಕಾಲು ಬೂಟಿನ ಸಮೇತ ಯಂತ್ರಕ್ಕೆ ಸಿಕ್ಕಿಕೊಂಡಿತ್ತು. ತೊಲೆಯಡಿ ಭಾವನ ಎದೆ ಚಪ್ಪಟೆಯಾಗಿತ್ತು, ಕಣ್ಣು ತೆರೆದೇ ಇತ್ತು. ಪಕ್ಕದಲ್ಲಿ ಸತ್ತ ಗಾಯಾಳುವಿನ ಹೊಟ್ಟೆಗೆ ಬಿಗಿದದ್ದು ಆ ಕಿತ್ತಳೆ ಬಟ್ಟೆ. ಕಿವುಡಣ್ಣ ಉಗುರು ಕಿತ್ತುಹೋಗುವವರೆಗೂ ಇಟ್ಟಿಗೆ ಕೆದರಿದ.

ಇಷ್ಟನ್ನೂ ಒಂದೂ ಬಿಡದೆ ಹೇಳಿದ. ಅಕ್ಕ ಒಲೆ ಆರಿಸಿದಳು.

"ಬಟ್ಟೆ ತೆಗೆದದ್ದು ಯಾರು?"

"ಭಾವನೇ, ಅಕ್ಕ. ಗಾಯ ಕಟ್ಟೋಕೆ."

"ಅವರು ಅಂಥೋರೇ. ನೀನು ಮೊಣಕಾಲು ಒಡ್ಕೊಂಡಾಗ ಮೈಮೇಲಿನ ಹೊಸ ಅಂಗಿ ಹರಿದು ಕಟ್ಟಿರ್ಲಿಲ್ವೇನೋ? ಅವರೆಂಥೋರು ಅಂತ ನಿಂಗೆ ಗೊತ್ತಿರ್ಲಿಲ್ವೇನೋ? ಇನ್ನೆರಡು ಸಲ ಕೇಳೋಕೆ ಎಷ್ಟು ಹೊತ್ತು ಬೇಕಿತ್ತು?"

"ಹತ್ತು ಸೆಕೆಂಡು."

ಅವಳು ಫಟಾರನೆ ಬಾರಿಸಿದಳು. ಮತ್ತೆ ಬಾರಿಸಿದಳು. ತುಟಿ ಒಡೆದು ರಕ್ತ ಬಂದರೂ ಅವನು ಕೈ ಅಡ್ಡ ತರಲಿಲ್ಲ.

"ಕಾಗದ ಬರೆದೋರ ಮುಂದೆ ಇದನ್ನ ಹೇಳು, ಹೋಗು. ಇನ್ನೊಬ್ಬಳ ಗಂಡನಾದ್ರೂ ಉಳೀಲಿ. ಹೇಳದೆ ಈ ಹೊಸ್ತಿಲು ತುಳೀಬೇಡ."

ಅವನು ಹೋದ, ಹೇಳಿದ. ಆ ಪಡೆಯಲ್ಲಿ ಈಗ ಮೂರು ಸಲ ಕೇಳದೆ ಯಾರೂ ಶೆಲ್ ಮುಟ್ಟುವುದಿಲ್ಲ. ಕಿವುಡಣ್ಣನಿಗೆ ಎರಡು ವರ್ಷ ಜೈಲಾಯಿತು.

ಬಿಡುಗಡೆಯ ದಿನ ಅಕ್ಕ ಜೈಲಿನ ಬಾಗಿಲಲ್ಲಿ ನಿಂತಿದ್ದಳು. ಅವನ ಕೈಯ ಚೀಲ ಕಿತ್ತುಕೊಂಡು ಮನೆಯ ಕಡೆ ನಡೆದಳು.