ನೀಲಮ್ಮ, ತಾಯಿ ಶಿವಕಾಂತಮ್ಮ

ವಾಡಿ ಜಂಕ್ಷನ್ನಿನ ರೈಲು ನೌಕರರಿಗೆಲ್ಲ ಶಿವಕಾಂತಮ್ಮ ಗೊತ್ತು. ಸ್ಟೇಷನ್ನಿನ ಹಿಂದೆ ಎರಡು ಖೋಲಿಯ ಮನೆಯಲ್ಲಿ ಜೋಳದ ರೊಟ್ಟಿ ಬಡಿದು, ಪುಂಡಿಪಲ್ಯ ಮಾಡಿ, ಪಾಳಿ ಮುಗಿಸಿ ಬಂದವರಿಗೆ ಊಟ ಹಾಕುತ್ತಿದ್ದಳು. ಅವಳ ಗಂಡ ರೇವಣಪ್ಪನನ್ನು ಮಾತ್ರ ಅವರಲ್ಲಿ ಯಾರೂ ಕಂಡಿರಲಿಲ್ಲ. ಅವಳು ಬಸುರಿಯಾದ ಹೊಸತರಲ್ಲೇ ಅವನು ಸೊಲ್ಲಾಪುರದ ಗಿರಣಿಗೆ ದುಡಿಯಲು ಹೋದವನು ಅಲ್ಲಿಯೇ ಇನ್ನೊಬ್ಬಳನ್ನು ಕಟ್ಟಿಕೊಂಡಿದ್ದ; ಹೊಟ್ಟೆಪಾಡಿಗೆ ಅವಳು ಈ ಒಲೆ ಹೂಡಿದ್ದು ಆಮೇಲೆ.

ಅವಳಿಗೆ ಏಳು ತಿಂಗಳು ತುಂಬಿದ್ದಾಗ ಅವನದೊಂದು ಕಾರ್ಡು ಬಂತು. ಶಿವಕಾಂತಮ್ಮನಿಗೆ ಓದಲು ಬಾರದು. ಊರಿನವರ ಅರ್ಜಿ, ಕಾಗದ ಬರೆದುಕೊಡುವ ಹಳೆಯ ಮಾಸ್ತರ ಮಜೀದಸಾಬರ ಕೈಗೆ ಕೊಟ್ಟಳು. ಅವರು ಒಮ್ಮೆ ಮನಸ್ಸಿನಲ್ಲೇ ಓದಿಕೊಂಡು ಕಾರ್ಡನ್ನು ಮಗುಚಿ ಹಿಡಿದರು.

"ಓದ್ರಿ ಚಾಚಾ. ಎಂಥಾದಿದ್ರೂ ಓದ್ರಿ."

"ಗಂಡಾದ್ರ ಸುದ್ದಿ ಕಳಸು ಅಂತ ಬರದಾನ. ಹೆಣ್ಣಾದ್ರ ತಿಳಸಬ್ಯಾಡ, ನನ್ನ ಹೆಸರೂ ತಗೀಬ್ಯಾಡ ಅಂದಾನ, ಬೇಟಿ."

ಅವಳು ಕಾರ್ಡು ತಿರುಗಿ ಇಸಿದುಕೊಂಡು ಟ್ರಂಕಿನಲ್ಲಿಟ್ಟು, ಒಲೆಯ ಮುಂದೆ ಕುಳಿತು ಅಂದಿನ ರೊಟ್ಟಿಯನ್ನೆಲ್ಲ ಬಡಿದು ಮುಗಿಸಿದಳು. ಊಟಕ್ಕೆ ಬಂದವರಿಗೆ ಏನೂ ತಿಳಿಯಲಿಲ್ಲ.

ಸಾವಿರದ ಒಂಬೈನೂರ ಐವತ್ತೊಂದರ ದೀಪಾವಳಿ ಕಳೆದು ಎಂಟು ದಿನಕ್ಕೆ ಹೆಣ್ಣು ಹುಟ್ಟಿತು. ಹೆರಿಗೆ ಮಾಡಿಸಿದವಳು ಓಣಿಯ ಸೂಲಗಿತ್ತಿ ಜಾನಬಿ. ಹದಿಮೂರನೆಯ ದಿನ ತೊಟ್ಟಿಲಿಗೆ ಹಾಕಿದಾಗ ಕೂಸಿನ ಕಿವಿಯಲ್ಲಿ ಹೆಸರು ಹೇಳಬೇಕಾದ ಸೋದರತ್ತೆ ಬರಲಿಲ್ಲ. ಆ ಜಾಗದಲ್ಲಿ ಜಾನಬಿಯೇ ಕುಳಿತು ಮೂರು ಸಲ "ನೀಲಮ್ಮ, ನೀಲಮ್ಮ, ನೀಲಮ್ಮ" ಅಂದಳು.

ತೊಡಕು ಬಂದದ್ದು ಆಮೇಲೆ. ಹುಟ್ಟು-ಸಾವಿನ ದಫ್ತರ ಪೊಲೀಸ್ ಪಾಟೀಲನ ಮನೆಯಲ್ಲಿರುತ್ತಿತ್ತು. ನಮ್ಮ ಕಡೆ ದಫ್ತರದಲ್ಲಿ ಬರೀ ಹೆಸರು ನಿಲ್ಲುವುದಿಲ್ಲ. ಇಂಥವಳು, ತಂದೆ ಇಂಥವನು ಎಂದೇ ಬರೆಯಬೇಕು. ಪಾಟೀಲ "ನೀಲಮ್ಮ" ಎಂದು ಬರೆದು, "ತಂದಿ?" ಎಂದು ಕೇಳಿದ.

"ಅವನ ಹೆಸರ ಬ್ಯಾಡ್ರಿ."

"ಮತ್ಯಾರದು ಬರೀಲಿ? ಮನಿಗಿ ಹೋಗಿ ವಿಚಾರ ಮಾಡ್ಕೊಂಡ್ ಬಾ."

ಮನೆಯಲ್ಲಿ ಎಲ್ಲರೂ ವಿಚಾರ ಮಾಡಿದರು. ಚಿಂಚೋಳಿಯಿಂದ ಬಂದಿದ್ದ ಅವಳ ಅಣ್ಣ ಸಾಯಬಣ್ಣ ಎದೆ ತಟ್ಟಿಕೊಂಡು ಹೇಳಿದ, "ನನ್ನ ಹೆಸರ ಹಾಕು. ನಾ ಏನ್ ಸತ್ತೀನೇನು?"

ಶಿವಕಾಂತಮ್ಮ ಹೇಗೆ ಕೇಳಿಸುತ್ತದೋ ನೋಡಲು ಬಾಗಿಲಿಗೆ ಬಂದು, ದೂರ ಆಡಲು ಹೋದ ಮಗಳನ್ನು ಕರೆಯುವಂತೆ ಗಟ್ಟಿಯಾಗಿ ಕೂಗಿದಳು, "ನೀಲಮ್ಮ ಸಾಯಬಣ್ಣ!"

ಜಾನಬಿ ನಗಲು ಶುರುಮಾಡಿದಳು. "ಸೋದರಮಾವನ ಹೆಸರ ಹಿಂದ ಹಚ್ಚಿದ್ರ ಅವನ ಜೋಡಿನೇ ಮದುವಿ ಆಗ್ಯಾದಂತ ತಿಳೀತಾರ. ನಾಳಿ ಬ್ಯಾರೆ ಗಂಡು ಯಾವಂವ ಕೇಳ್ಲಿಕ್ಕಿ ಬರ್ತಾನ?"

ಸಾಯಬಣ್ಣನೂ ನಾಚಿ ನಕ್ಕುಬಿಟ್ಟ. ಮಠದ ಗುರುಲಿಂಗಯ್ಯನವರು, ದಿಕ್ಕಿಲ್ಲದವರಿಗೆ ದೇವರೇ ತಂದೆ, ಬಸವಣ್ಣನ ಹೆಸರು ಬರೆಸು ಎಂದು ಹೇಳಿ ಕಳಿಸಿದರು. ಅದನ್ನೂ ಕೂಗಿ ನೋಡಿದಳು. ಕೇಳಲು ಚೆನ್ನಾಗಿಯೇ ಇತ್ತು. ಆದರೆ ಅವಳ ಮನಸ್ಸಿಗೆ ಕೂಡಲಿಲ್ಲ. "ನನ್ನ ಕೂಸು ದಿಕ್ಕಿಲ್ಲದ್ದಲ್ಲ," ಎಂದಳು. ಕೂಸು ಎದೆಗೆ ಬಾಯಿ ಹಾಕಿ ಹಾಲು ಕುಡಿಯುತ್ತಿತ್ತು. ಅದರ ತಲೆ ಸವರುತ್ತ ಮೆಲ್ಲಗೆ, ಕೂಗದೆ, "ನೀಲಮ್ಮ ಶಿವಕಾಂತಮ್ಮ" ಅಂದಳು. ಎರಡೂ ಹೆಸರು ಕೊನೆಗೊಂದು 'ಅಮ್ಮ' ಹಿಡಿದು ಒಂದರ ಪಕ್ಕ ಒಂದು ಕುಳಿತವು.

"ಇದ ಬರಸ್ತೀನಿ," ಎಂದಳು.

"ಹುಚ್ಚ ಹಿಡದದೇನು? ಹೆಂಗಸರ ಹೆಸರ ಯಾರ್ ಬರಸ್ತಾರ?" ಸಾಯಬಣ್ಣ ಸಿಟ್ಟಾಗಿ ಹೊರಗೆ ಹೋದ. ಪಾಟೀಲನೂ ಒಪ್ಪಲಿಲ್ಲ. ತಹಸೀಲಿನ ಹುಕುಂ ಇಲ್ಲದೆ ಒಂದಕ್ಷರ ಬರೆಯುವುದಿಲ್ಲ ಎಂದ.

ಮರುವಾರ ಮಜೀದಸಾಬರು ಅರ್ಜಿ ಬರೆದರು. ಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡು, ಟ್ರಂಕಿನ ಕಾರ್ಡನ್ನು ನಡುವಿಗೆ ಸಿಕ್ಕಿಸಿಕೊಂಡು ಅವಳು ಅವರೊಂದಿಗೆ ಬೆಳಗಿನ ಗಾಡಿಗೆ ಚಿತ್ತಾಪುರಕ್ಕೆ ಹೊರಟಳು. ಸಾಯಬಣ್ಣ ಮಾತಾಡದೆ ಅದೇ ಡಬ್ಬಿ ಹತ್ತಿ, ಆ ಕಡೆ ಮುಖ ಮಾಡಿ ಕುಳಿತ.

ಕಚೇರಿಯ ಗುಮಾಸ್ತ ಅರ್ಜಿ ನೋಡಿ ಹಾಗೆಯೇ ಹಿಂದಕ್ಕೆ ಸರಿಸಿದ. ಇಂಥದ್ದಕ್ಕೆ ದಫ್ತರದಲ್ಲಿ ಖಾನೆಯೇ ಇಲ್ಲ, ಬರೆಯುವ ಜಾಗವೇ ಇಲ್ಲ ಎಂದ. ಶಿವಕಾಂತಮ್ಮ ಎದ್ದು ಹೋಗಲಿಲ್ಲ. ಮಧ್ಯಾಹ್ನದವರೆಗೂ ವರಾಂಡದಲ್ಲಿ ಕುಳಿತಿದ್ದಳು. ಕಡೆಗೆ ಕೂಸು ಅತ್ತ ಸದ್ದಿಗೆ ತಹಸೀಲ್ದಾರರೇ ಒಳಗೆ ಕರೆಸಿದರು. ರಾಯಚೂರು ಕಡೆಯವರು, ಹೊಸದಾಗಿ ಬಂದವರು. ಅರ್ಜಿ ಓದಿದರು, ಕಾರ್ಡು ಓದಿದರು.

"ತಂದಿ ಖಾನೆ ಖಾಲಿ ಬಿಡಸ್ತೀನಿ ತಾಯಿ. ಯಾರೂ ಏನೂ ಕೇಳಂಗಿಲ್ಲ. ಆತಿಲ್ಲ?"

ಸಾಯಬಣ್ಣ ಬಾಗಿಲಲ್ಲೇ ಹೂಂ ಎಂದು ತಲೆಯಾಡಿಸಿದ. ಇಷ್ಟಾದರೆ ಸಾಕು ಎನ್ನುವಂತೆ ಮಜೀದಸಾಬರೂ ಅವಳ ಮುಖ ನೋಡಿದರು.

"ಬ್ಯಾಡ್ರಿ ಸಾಹೇಬ್ರ. ಖಾಲಿ ಬಿಟ್ರ ನಾಳಿ ಯಾರರ ಬಂದು ತಮಗ ಬೇಕಾದ್ದು ತುಂಬ್ತಾರ್ರಿ."

ತಹಸೀಲ್ದಾರರು ಅರ್ಜಿಯಿಂದ ತಲೆಯೆತ್ತಿದರು.

"ಹ್ವಾದ ವರ್ಷ ನಿಮ್ಮ ಮಂದಿ ಮನಿಗಿ ಬಂದಿದ್ರು," ಅವಳು ಮುಂದುವರಿಸಿದಳು. "ಓಟಿನ ಪಟ್ಟ್ಯಾಗ ಹೆಸರ ಹೇಳು ಅಂದ್ರು. ಇಂಥವನ ಹೆಣ್ತಿ ಅಂದ್ರ ನಡ್ಯಂಗಿಲ್ಲ, ನಿಂದ ಹೆಸರ ಬೇಕು ಅಂದ್ರು. ಹೇಳ್ದೆ, ಬರಕೊಂಡ್ರು. ರಾಜ್ಯಾ ಆಳವರನ್ನ ಆರಸ್ಲಿಕ್ಕಿ ನನ್ನ ಹೆಸರ ನಡೀತದ. ನಾ ಹಡದ ಮಗಳ ಹಿಂದ ಯಾಕ ನಡ್ಯಂಗಿಲ್ಲರಿ?"

ತಹಸೀಲ್ದಾರರು ಕಾರ್ಡನ್ನು ಅವಳಿಗೆ ಹಿಂತಿರುಗಿಸಿ, ಗುಮಾಸ್ತನನ್ನು ಕರೆದು, ಅಲ್ಲೇ ನಿಲ್ಲಿಸಿಕೊಂಡು ಹುಕುಂ ಬರೆಸಿದರು. ಮೊಹರು ಬಿದ್ದ ಮೇಲೆ ಅದನ್ನು ತಾವೇ ಗಟ್ಟಿಯಾಗಿ ಓದಿದರು: "ಹೆಸರು ನೀಲಮ್ಮ. ತಾಯಿ ಶಿವಕಾಂತಮ್ಮ. ವಾಡಿ."

ಶಿವಕಾಂತಮ್ಮನಿಗೆ ಅಳು ಬರಲಿಲ್ಲ. ಹಸಿವಾಯಿತು. ಸ್ಟೇಷನ್ನಿನಲ್ಲಿ ಗಂಟು ಬಿಚ್ಚಿ ಮೂರೂ ಜನ ರೊಟ್ಟಿ ತಿಂದರು. ಹಿಂದಿರುಗುವ ಗಾಡಿಯಲ್ಲಿ ಸಾಯಬಣ್ಣ ಕಾಗದವನ್ನು ತನ್ನ ಕೈಯಲ್ಲೇ ಹಿಡಿದುಕೊಂಡು, ಸೇಡಮ್ಮಿನಿಂದ ಬರುತ್ತಿದ್ದ ಅಪರಿಚಿತರಿಗೆಲ್ಲ ತೋರಿಸಿದ. "ನನ್ನ ತಂಗಿ," ಎನ್ನುತ್ತಿದ್ದ. "ಸಾಹೇಬ್ರ ಮುಂದ ನಿಂತು ಮಾತಾಡ್ಯಾಳ." ಪಾಟೀಲ ಅದೇ ಸಂಜೆ ದಫ್ತರ ತೆಗೆದು, ಹುಕುಮಿನಲ್ಲಿದ್ದಂತೆ ಬರೆದ.

ಈ ಸುದ್ದಿ ಡಬ್ಬಿಯಿಂದ ಡಬ್ಬಿಗೆ ಹಬ್ಬಿತೆಂದು ಕಾಣುತ್ತದೆ. ಯುಗಾದಿಯ ಹೊತ್ತಿಗೆ ಸೇಡಮ್ಮಿನ ರತ್ನಾಬಾಯಿ ಎಂಬಾಕೆ ಕಂಕುಳಲ್ಲಿ ಮಗು ಎತ್ತಿಕೊಂಡು ಅವಳ ಮನೆ ಹುಡುಕಿಕೊಂಡು ಬಂದಳು. ತನ್ನದೂ ಅಂಥದೇ ಕಥೆ ಎಂದಳು. ಶಿವಕಾಂತಮ್ಮ ಮೊದಲು ಅವಳಿಗೆ ಊಟ ಹಾಕಿದಳು. ಆಮೇಲೆ ಅಂದಿನ ಊಟದ ಕೆಲಸವನ್ನು ಜಾನಬಿಗೆ ಒಪ್ಪಿಸಿ, ನೀಲಮ್ಮನನ್ನು ಎತ್ತಿಕೊಂಡು, "ನಡೀರಿ ಅಕ್ಕಾ, ಗಾಡಿ ಬರ್ಲಿಕತ್ತದ," ಎಂದು ಚಪ್ಪಲಿ ಮೆಟ್ಟಿದಳು.