ಮಳೆ ಬಂದರೆ ಲಿಂಡ್ಸೆ

ಟ್ರೆಗಾರಾ ಬೌಲ್ಸ್ ಕ್ಲಬ್ಬಿನ ಅಡಿಗೆಮನೆ ನನ್ನ ರಾಜ್ಯ. ಪಾಸ್ಟಿ ಎಂಬ ಮಾಂಸ ತುಂಬಿದ ಕಡುಬು ಬೇಯಿಸುವುದು, ಚಹಾ ಕಾಯಿಸುವುದು, ಒಳಗೆ ಬಂದು ಪಾತ್ರೆಯ ಮುಚ್ಚಳ ತೆಗೆದು ನೋಡುವ ಗಂಡಸರನ್ನು ಸೌಟು ತೋರಿಸಿ ಓಡಿಸುವುದು ನನ್ನ ಕೆಲಸ. ಅಡಿಗೆಮನೆಯ ಕಿಟಕಿಯಿಂದ ಬೌಲ್ಸ್ ಚೆಂಡು ಉರುಳಿಸುವ ಹುಲ್ಲಿನ ಅಂಗಳವೂ ಕಾಣುತ್ತದೆ, ಸಭಾಂಗಣವೂ ಕಾಣುತ್ತದೆ. ಹಾಗಾಗಿ ಲಿಂಡ್ಸೆ ಟ್ರೆಂಬಾತನ ಕಥೆಯನ್ನು ನನಗಿಂತ ಚೆನ್ನಾಗಿ ಬಲ್ಲವರು ಈ ಊರಿನಲ್ಲಿಲ್ಲ. ಬಲ್ಲೆ ಎನ್ನುವವರು ಇದ್ದಾರೆ, ಅವರನ್ನು ನಂಬಬೇಡಿ.

ಲಿಂಡ್ಸೆ ನಮ್ಮ ಅಂಗಳದ ಹುಲ್ಲು ಕತ್ತರಿಸುವವನು. ಅವನ ಹೆಂಡತಿ ಗ್ಲೆನಿಸ್ ಅದೇ ಹುಲ್ಲಿನ ಮೇಲೆ ಒಂಬತ್ತು ಸಲ ಫೈನಲ್ ಗೆದ್ದವಳು. ಪ್ರತಿ ವರ್ಷ ಬೇಸಿಗೆ ಮುಗಿಯುವಾಗ ನಮ್ಮ ಕ್ಲಬ್ಬಿಗೂ ಪಕ್ಕದ ಪೋರ್ಟ್ ಲಾಡನ್ ಕ್ಲಬ್ಬಿಗೂ ಒಂದು ಫೈನಲ್ ನಡೆಯುತ್ತದೆ. ಆ ಕಡೆಯಿಂದ ಒಬ್ಬರು, ಈ ಕಡೆಯಿಂದ ಒಬ್ಬರು. ಗೆದ್ದವರ ಹೆಸರನ್ನು ಸಭಾಂಗಣದ ಮರದ ಹಲಗೆಯ ಮೇಲೆ ಚಿನ್ನದ ಅಕ್ಷರದಲ್ಲಿ ಬರೆಸುತ್ತಾರೆ. ಆ ಹಲಗೆಯನ್ನು ವಾರಕ್ಕೊಮ್ಮೆ ಒರೆಸುವ ಕೆಲಸವೂ ಲಿಂಡ್ಸೆಯದೇ. ಜಿ. ಟ್ರೆಂಬಾತ್, ಜಿ. ಟ್ರೆಂಬಾತ್ ಎಂದು ಮೇಲಿನಿಂದ ಕೆಳಗೆ ಒರೆಸುತ್ತಾ ಬರುತ್ತಾನೆ.

ಲಿಂಡ್ಸೆಯೂ ಆಡಬಾರದೇ ಎಂದು ನೀವು ಕೇಳಬಹುದು. ಆಡಿದ್ದ. ಅವನು ಉರುಳಿಸಿದ ಚೆಂಡು ಪಕ್ಕದ ಸಾಲಿಗೆ ಹೋಗಿ ಪಾದ್ರಿಯ ಕಣಕಾಲಿಗೆ ಬಡಿಯಿತು. ಪಾದ್ರಿಯ ಬಾಯಿಂದ ಬಂದ ಮಾತನ್ನು ನಾನು ಇಲ್ಲಿ ಬರೆಯಲಾರೆ. ಆಮೇಲೆ ಲಿಂಡ್ಸೆಯ ಕೈಗೆ ಚೆಂಡು ಕೊಡಲು ಎಲ್ಲರಿಗೂ ಭಯ, ಕ್ಯಾಮೆರಾ ಕೊಟ್ಟು ಕೂರಿಸಿದರು. ಹೆಂಡತಿಯ ಒಂಬತ್ತು ಫೈನಲ್‌ಗಳನ್ನೂ ಅವನೇ ಚಿತ್ರೀಕರಿಸಿದ. ಕೈ ನಡುಗಿಸದೆ ಕೊನೆಯವರೆಗೂ ಹಿಡಿಯುತ್ತಿದ್ದ. ಚಪ್ಪಾಳೆ ಬಿದ್ದಾಗ ಮಾತ್ರ ತಡೆಯಲಾರದೆ "ಭಲೇ ಗ್ಲೆನ್!" ಎಂದು ಕಿರುಚಿಬಿಡುತ್ತಿದ್ದ.

ಆದರೆ ಕ್ಲಬ್ಬಿನ ಕಾನೂನಿನಲ್ಲಿ ಒಂದು ಸಣ್ಣ ಸಂದು ಇತ್ತು. ಹಿಂದೊಮ್ಮೆ ಫೈನಲ್ ದಿನ ಮಳೆ ಹೊಯ್ದು ದೊಡ್ಡ ರಂಪವಾಗಿತ್ತು. ಆಗಿನ ಅಧ್ಯಕ್ಷರು ಜಗಳ ಬಿಡಿಸಲು, ಮಳೆ ಬಂದರೆ ಕಚೇರಿಯ ಕಂಪ್ಯೂಟರಿನಲ್ಲಿರುವ ಬೌಲ್ಸ್ ಆಟದಲ್ಲೇ ತೀರ್ಮಾನವಾಗಲಿ ಎಂದು ಠರಾವು ಮಾಡಿದರು. ಮಳೆಗೆಂದೇ ಎರಡೂ ಕ್ಲಬ್ಬಿನಿಂದ ಬೇರೆ ಆಟಗಾರರನ್ನು ನಿಲ್ಲಿಸಬಹುದು ಎಂದೂ ಸೇರಿಸಿದರು. ನಮ್ಮ ಮಳೆ ಆಟಗಾರ ಲಿಂಡ್ಸೆ. ಆ ಹಳೆಯ ಆಟದಲ್ಲಿ ಅವನನ್ನು ಮೀರಿಸುವವರಿಲ್ಲ. ಹುಲ್ಲು ಕತ್ತರಿಸಿ ಬಂದು ಬೆವರು ಒರೆಸಿಕೊಂಡು ದಿನಾ ಅಭ್ಯಾಸ ಮಾಡುತ್ತಿದ್ದ. ಒಂದೇ ತೊಂದರೆ ಎಂದರೆ, ಠರಾವು ಆದಮೇಲೆ ಯಾವ ಫೈನಲ್ ದಿನವೂ ಒಂದು ಹನಿ ಬೀಳಲಿಲ್ಲ. ಊರೆಲ್ಲ ಬಿಸಿಲಿಗೆ ಟೋಪಿ ಹುಡುಕುವಾಗ ಇವನೊಬ್ಬ ಕೊಡೆ ಹಿಡಿದುಕೊಂಡು ಆಕಾಶ ನೋಡುತ್ತಿದ್ದ.

ಒಮ್ಮೆ ನಾನು ಸುಮ್ಮನಿರಲಾರದೆ ಕೆಣಕಿದೆ. "ಮನೇಲಿ ಒಂಬತ್ತು ಕಪ್ ಇದೆ, ನಿಂಗ್ಯಾಕೋ ಈ ಹುಚ್ಚು?"

"ಅದು ಅವಳ್ದು ಕೋರಲ್," ಎಂದ. ಕೈಯಲ್ಲಿ ಒರೆಸುವ ಬಟ್ಟೆ ಇತ್ತು. "ಇಷ್ಟು ವರ್ಷ ಈ ಹಲಗೆ ಒರೆಸಿದೀನಿ. ಒಂದ್ಸಲ, ಒಂದೇ ಒಂದ್ಸಲ, ನನ್ ಹೆಸರನ್ನ ನಾನೇ ಒರೆಸ್ಬೇಕು. ಅಷ್ಟೇ ಆಸೆ."

ಮನಸ್ಸು ಕರಗಿದ್ದನ್ನು ತೋರಿಸಿಕೊಳ್ಳಬಾರದೆಂದು, ನನ್ನ ನೆಲದ ಮೇಲೆ ಕೆಸರಿನ ಬೂಟು ಹಾಕಿಕೊಂಡು ಬಂದಿದ್ದಕ್ಕೆ ಚೆನ್ನಾಗಿ ಬೈದೆ.

ಈ ವರ್ಷ ರೇಡಿಯೋದವರು ಫೈನಲ್ ದಿನ ಮಳೆ ಎಂದರು, ಅದೂ ಜೋರು ಮಳೆ. ಲಿಂಡ್ಸೆ ಕುಣಿದಾಡಿಬಿಟ್ಟ. ಅದೇ ವಾರ ನಮ್ಮ ಕಾರ್ಯದರ್ಶಿ ವಾರಿಕ್ ಪೆಂಗೆಲ್ಲಿ ಯಾರನ್ನೂ ಕೇಳದೆ ಹಳೆಯ ಕಂಪ್ಯೂಟರನ್ನು ಕಸದ ಗುಡ್ಡೆಗೆ ಎಸೆದು ಹೊಸದು ತಂದಿಟ್ಟ. ಹೊಸ ಪೆಟ್ಟಿಗೆ, ಹೊಸ ಆಪರೇಟಿಂಗ್ ಸಿಸ್ಟಂ, ಜೊತೆಗೆ ವಾರಿಕನ ಮುಖದ ಮೇಲೆ ಹೊಸ ಜಂಭ. ಲಿಂಡ್ಸೆ ಓಡಿಬಂದು ತನ್ನ ಡಿಸ್ಕನ್ನು ಹಾಕಿದ. ಅದು ಗ್ಲೆನಿಸಳ ಒಂಬತ್ತು ಫೈನಲ್‌ಗಳ ಕೊನೆಯ ಒಂದೊಂದು ಗಂಟೆಯನ್ನು ತುಂಬಿಸಿದ್ದ ಡಿಸ್ಕು. ಮೂಲೆಯಲ್ಲಿ ಉಳಿದಿದ್ದ ಚೂರು ಜಾಗದಲ್ಲಿ ಅವನ ಆಟ ಇತ್ತು. ಈ ಆಟ ಇಲ್ಲಿ ಓಡುವುದಿಲ್ಲ ಎಂದು ಹೊಸ ಕಂಪ್ಯೂಟರು ಒಂದೇ ಸಾಲಿನಲ್ಲಿ ಹೇಳಿ ಸುಮ್ಮನಾಯಿತು.

"ಹಳೇ ಆಟ ಅಲ್ವಾ, ಹೊಸದ್ರಲ್ಲಿ ಬರಲ್ಲ," ಎಂದ ವಾರಿಕ್, ಕನ್ನಡಕ ಒರೆಸುತ್ತಾ.

"ಹಳೇ ಕಾರ್ಯದರ್ಶಿ ಮಾತ್ರ ಬರ್ತಾನಲ್ಲಾ!" ಎಂದಳು ಗ್ಲೆನಿಸ್. ಗಂಡನನ್ನು ತಾನು ಎಷ್ಟು ಬೇಕಾದರೂ ಬೈಯಬಹುದು, ಬೇರೆಯವರು ಅವನ ತಂಟೆಗೆ ಬಂದರೆ ಅವಳು ಬೆಂಕಿ. "ನಾಳೆಯೊಳಗೆ ಇದನ್ನ ಓಡಿಸ್ಲಿಲ್ಲ ಅಂದ್ರೆ ನಿನ್ನನ್ನ ಆ ಅಂಗಳದ ಸುತ್ತ ಓಡಿಸ್ತೀನಿ ನೋಡು."

ಗಂಡ, ಹೆಂಡತಿ, ನಾನು ಮೂವರೂ ಕಸದ ಗುಡ್ಡೆಗೆ ಹೋದೆವು. ಹಳೆಯ ಕಂಪ್ಯೂಟರು ಸಿಕ್ಕಿತು. ಅಲ್ಲಿನ ಕಾವಲುಗಾರ ಅದರ ಹೊಟ್ಟೆಯೊಳಗಿನ ಸಾಮಾನೆಲ್ಲ ಕಿತ್ತು, ಹುಲ್ಲು ಹಾಸಿ, ಕೋಳಿ ಕೂರಿಸಿದ್ದ. ಲಿಂಡ್ಸೆ ಆಸೆ ಬಿಡದೆ ಒಳಗೆ ಕೈ ಹಾಕಿದ. ಕೋಳಿ ಕುಕ್ಕಿತು. ಅಷ್ಟಕ್ಕೆ ಆ ದಾರಿ ಮುಚ್ಚಿತು.

ವಾರಿಕನಿಗೆ ಗ್ಲೆನಿಸಳ ಬೆದರಿಕೆ ಚೆನ್ನಾಗಿಯೇ ತಟ್ಟಿತ್ತು. ಫಿನ್‌ಲ್ಯಾಂಡಿನ ಯಾರನ್ನೋ ಇಂಟರ್‌ನೆಟ್ಟಿನಲ್ಲಿ ಹಿಡಿದು ಒಂದು ಉಪಾಯ ಕಲಿತು ಬಂದ. ಹೊಸ ಯಂತ್ರದ ಒಳಗೆ ಹಳೆಯ ಯಂತ್ರದ ವೇಷ ಹಾಕುವ ಒಂದು ತಂತ್ರಾಂಶವಂತೆ. ಹಾಕಿದರೆ ಆಟ ತೆರೆದೇಬಿಟ್ಟಿತು! ಅದೇ ಹಸಿರು ಅಂಗಳ, ಅದೇ ಕಿವಿಗೆ ಕಚ್ಚುವ ಪೀಪಿ ಸಂಗೀತ. ಲಿಂಡ್ಸೆಯ ಕಣ್ಣಲ್ಲಿ ನೀರು ಬಂತು. ಕೀಲಿ ಒತ್ತಿದ. ಎರಡನೆಯ ಸಲ ಒತ್ತಿ ಬೆರಳು ಎತ್ತುವ ಮೊದಲೇ ಚೆಂಡು ಅಂಗಳ ದಾಟಿ, ಕೊನೆಯ ಕಾಲುವೆ ದಾಟಿ, ಪರದೆಯಿಂದಲೇ ಮಾಯವಾಗಿತ್ತು.

ಹಳೆಯ ಯಂತ್ರ ನಿಧಾನವಾಗಿತ್ತು, ಆಟವೂ ಆ ನಿಧಾನಕ್ಕೆ ಒಗ್ಗಿತ್ತು. ಹೊಸದಕ್ಕೆ ವಿಪರೀತ ಶಕ್ತಿ. ಈ ಆಟದಲ್ಲಿ ಕೀಲಿಯನ್ನು ಎರಡು ಸಲ ಒತ್ತಬೇಕು. ಮೊದಲ ಸಲಕ್ಕೆ, ಆಚೀಚೆ ತೂಗಾಡುವ ಬಾಣ ನಿಂತು ದಿಕ್ಕು ಗೊತ್ತಾಗುತ್ತದೆ. ಎರಡನೆಯ ಸಲಕ್ಕೆ ಚೆಂಡು ಹೊರಡುತ್ತದೆ. ಈಗ ಬಾಣ ತೂಗಾಡುವುದೇ ಕಾಣುತ್ತಿರಲಿಲ್ಲ, ನಡುಗುವ ಒಂದು ಮಸುಕು ಮಾತ್ರ.

ನಮ್ಮ ಕ್ಲಬ್ಬಿನವರು ಸಲಹೆ ಕೊಡುವುದರಲ್ಲಿ ಯಾವತ್ತೂ ಕೈ ಬಿಗಿ ಹಿಡಿದವರಲ್ಲ. ಬಿಸಿ ಮಾಡಿದರೆ ಯಂತ್ರಕ್ಕೆ ಸುಸ್ತಾಗುತ್ತದೆ ಎಂದು ಒಬ್ಬರು ಹೇಳಿದರು. ನನ್ನ ಬಿಸಿ ಪಾಸ್ಟಿ ತಟ್ಟೆಯನ್ನು ಅದರ ಪಕ್ಕ ಇಟ್ಟು ನೋಡಿದರು. ಪಾಸ್ಟಿ ಆರಿತು, ಯಂತ್ರ ಹಾಗೇ ಇತ್ತು. ಕೊನೆಗೆ ದಾರಿ ಹೊಳೆದಿದ್ದು ಗ್ಲೆನಿಸಳಿಗೆ.

"ಇವನು ಮನೇಲಿ ಯಾವಾಗ ನಿಧಾನ ಆಗ್ತಾನೆ ಗೊತ್ತಾ? ಒಂದೇ ಸಲಕ್ಕೆ ನಾಲ್ಕು ಕೆಲಸ ಹೇಳಿದ್ರೆ. ಅದಕ್ಕೂ ಕೆಲಸ ಹೇಳ್ರೋ!"

ಡಿಸ್ಕಿನಲ್ಲಿದ್ದ ಅವಳ ಒಂದು ಫೈನಲನ್ನು ಹಿಂದೆ ಓಡಲು ಬಿಟ್ಟರು. ಚೆಂಡಿನ ಹುಚ್ಚು ಒಂದಿಷ್ಟು ಇಳಿಯಿತು. ಇನ್ನೊಂದು ಬಿಟ್ಟರು, ಮತ್ತೊಂದು ಬಿಟ್ಟರು. ಒಂಬತ್ತನೆಯದನ್ನೂ ಬಿಟ್ಟಾಗ ಯಂತ್ರ ಏದುಸಿರು ಬಿಡತೊಡಗಿತು, ಆಟ ತನ್ನ ಹಳೆಯ ನಡಿಗೆಗೆ ಬಂತು. ಲಿಂಡ್ಸೆ ಹೆಂಡತಿಯ ಕಡೆ ತಿರುಗಿದ.

"ಇಷ್ಟು ಸಲ ಗೆದ್ದಿದ್ದು ಒಳ್ಳೇದಾಯ್ತು ಕಣೇ."

"ಇನ್ನೂ ಬೇಕಿದ್ರೆ ಮೊದ್ಲೇ ಹೇಳ್ಬೇಕಿತ್ತು, ಗೆದ್ದು ಕೊಡ್ತಿದ್ದೆ," ಎಂದಳು ಮಹಾತಾಯಿ.

ಫೈನಲ್ ದಿನ ಬೆಳಿಗ್ಗೆಯೇ ತಗಡಿನ ಮಾಡಿನ ಮೇಲೆ ಮಳೆ ಬಡಿಯತೊಡಗಿತು. ಪೋರ್ಟ್ ಲಾಡನ್ನಿನಿಂದ ಮರ್ವಿನ್ ಹಾಸ್ಕಿಂಗ್ ಬಂದ. ಹುಲ್ಲಿನ ಮೇಲೆ ಗ್ಲೆನಿಸಳ ಕೈಯಲ್ಲಿ ನಾಲ್ಕು ಸಲ ಸೋತವನು. ಈ ಸಲ ಅವಳ ಗಂಡನನ್ನಾದರೂ ಸೋಲಿಸಿ ಸೇಡು ತೀರಿಸಿಕೊಳ್ಳಲು, ವರ್ಷವಿಡೀ ಮನೆಯಲ್ಲಿ ಇದೇ ಆಟ ಆಡಿ ತಯಾರಾಗಿದ್ದ. ಒಂಬತ್ತು ವೀಡಿಯೋಗಳ ವಿಷಯ ತಿಳಿಸಿದಾಗ ಮೀಸೆಯಲ್ಲೇ ನಕ್ಕ.

"ಏನಾದ್ರೂ ಓಡಿಸ್ಕೊಳ್ರಪ್ಪಾ. ಒಂದೇ ಮಾತು. ಪಂದ್ಯ ಶುರುವಾದ್ಮೇಲೆ ಮುಗಿಯೋವರ್ಗೂ ಆ ಯಂತ್ರನ ಯಾರೂ ಮುಟ್ಟಕೂಡ್ದು. ಏನೇ ಆಗ್ಲಿ."

ಎಲ್ಲರೂ ಒಪ್ಪಿದರು. ಸದ್ದು ನಿಲ್ಲಿಸಿದರೆ ಯಂತ್ರದ ಭಾರ ಕಡಿಮೆಯಾಗುತ್ತದೆ ಎಂದು ವಾರಿಕ್ ಹಟ ಹಿಡಿದಿದ್ದರಿಂದ ಒಂಬತ್ತು ಫೈನಲ್‌ಗಳ ಗದ್ದಲವೂ ಜೊತೆಗೇ ಶುರುವಾಯಿತು. ತಾನು ನಾಲ್ಕು ಸಲ ಸೋಲುವುದನ್ನು ಒಟ್ಟಿಗೆ ಕೇಳಿಸಿಕೊಳ್ಳುತ್ತಾ ಮರ್ವಿನ್ ಆಡಬೇಕಾಯಿತು. "ಅದು ನನ್ ಧ್ವನಿ ಅಲ್ವಾ?" ಎಂದು ನಡುವೆ ಒಮ್ಮೆ ಬೆಚ್ಚಿಬಿದ್ದ. ಹೌದು, ತೀರ್ಪುಗಾರನಿಗೆ ಯಾವತ್ತೋ ಬೈದಿದ್ದ ಅವನದೇ ಧ್ವನಿ. ನಾನು ನಗು ತಡೆಯಲಾರದೆ ಅಡಿಗೆಮನೆಗೆ ಓಡಿದೆ.

ಆದರೂ ಅವನು ಗಟ್ಟಿಗ. ಇಬ್ಬರೂ ಸಮಸಮ ಬಂದು ಪಂದ್ಯ ಕೊನೆಯ ಸುತ್ತಿಗೆ ನಿಂತಿತು. ಅಂಗಳದಲ್ಲಿ ಒಂದು ಪುಟ್ಟ ಬಿಳಿ ಗುಂಡು ಇರುತ್ತದೆ, ಅದಕ್ಕೆ ಯಾರ ಚೆಂಡು ಹತ್ತಿರವೋ ಅವರಿಗೆ ಅಂಕ, ಆಟ ಇಷ್ಟೇ. ಮರ್ವಿನನ ಎರಡು ಚೆಂಡು ಬಿಳಿ ಗುಂಡಿನ ಮುಂದೆ ಹೆಗಲಿಗೆ ಹೆಗಲು ಕೊಟ್ಟು ನಿಂತುಬಿಟ್ಟವು. ಲಿಂಡ್ಸೆಗೆ ಉಳಿದದ್ದು ಒಂದೇ ಚೆಂಡು. ಆ ಗೋಡೆ ಒಡೆಯುವಷ್ಟು ಜೋರು ಏಟು ಆ ಹಳೆಯ ಆಟದಲ್ಲಿ ಇರಲೇ ಇಲ್ಲ. ಗ್ಲೆನಿಸ್ ನನ್ನ ಕೈಯನ್ನು ಹಿಂಡಿದಳು. ಇನ್ನೊಂದು ಕೈಯಲ್ಲಿ ಮೊಬೈಲು ಹಿಡಿದು ಗಂಡನನ್ನು ಚಿತ್ರೀಕರಿಸುತ್ತಿದ್ದಳು. ಕಣ್ಣು ಮಾತ್ರ ಕಂಪ್ಯೂಟರಿನ ಪರದೆಯ ಮೇಲೇ ಇತ್ತು. "ಹೋಯ್ತು ಕೋರಲ್. ಪಾಪ ಕಣೇ ಇವ್ನು," ಎಂದಳು.

ಲಿಂಡ್ಸೆ ಒಂದು ಸಲ ಕೀಲಿ ಒತ್ತಿದ. ಬಾಣ ಎರಡು ಚೆಂಡುಗಳ ಸರಿಯಾದ ನಡುವೆ ನಿಂತಿತು. ಆಮೇಲೆ ಕೈ ಕಟ್ಟಿಕೊಂಡು ಕುಳಿತುಬಿಟ್ಟ.

"ಆಡಪ್ಪಾ!" ಎಂದ ಮರ್ವಿನ್.

"ಆಡ್ತೀನಿ," ಎಂದ ಲಿಂಡ್ಸೆ. ಟೋಪಿ ತೆಗೆದು ಒಳಗೆ ನೋಡಿದ. ಮತ್ತೆ ಹಾಕಿಕೊಂಡ. ನನ್ನ ಕಡೆ ತಿರುಗಿ, "ಕೋರಲ್, ಪಾಸ್ಟಿ ಇದ್ಯಾ?" ಎಂದ. ನಾನು ಕೊಟ್ಟೆ. ಅದನ್ನು ಅಂಚಿನಿಂದ ಮೆಲ್ಲಗೆ, ಮುದುಕರ ಹಾಗೆ ಮೆದ್ದ. ಇವನಿಗೆ ತಲೆ ಕೆಟ್ಟಿತೆಂದೇ ನಾನು ತಿಳಿದೆ.

ಅವನು ಕೇಳುತ್ತಿದ್ದ. ಆ ಒಂಬತ್ತು ವೀಡಿಯೋ ಹಿಡಿದವನು ಅವನು. ಯಾವುದು ಎಲ್ಲಿ ಮುಗಿಯುತ್ತದೆ ಎಂಬುದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಇದ್ದಕ್ಕಿದ್ದಂತೆ ಯಂತ್ರದೊಳಗಿನಿಂದ ಚಪ್ಪಾಳೆ ಶುರುವಾಯಿತು. ಒಂದು ವರ್ಷದ್ದು, ಅದರ ಮೇಲೆ ಇನ್ನೊಂದು ವರ್ಷದ್ದು, ಹೀಗೆ ಒಂಬತ್ತು ವರ್ಷದ ಜನ ಚಪ್ಪಾಳೆ ತಟ್ಟಿದರು. ಒಬ್ಬನ ಹಿಂದೆ ಒಬ್ಬನಂತೆ ಒಂಬತ್ತು ಲಿಂಡ್ಸೆಗಳು "ಭಲೇ ಗ್ಲೆನ್!" ಎಂದು ಕಿರುಚಿದರು. ಆಮೇಲೆ ಎಲ್ಲವೂ ಮುಗಿದು ಮಳೆಯ ಸದ್ದು ಮಾತ್ರ ಉಳಿಯಿತು. ಯಂತ್ರದ ಏದುಸಿರು ನಿಂತಿತು. ಬೆನ್ನ ಮೇಲೆ ಯಾವ ಭಾರವೂ ಇಲ್ಲ.

ಲಿಂಡ್ಸೆ ಬೆರಳಿಗಂಟಿದ ಪಾಸ್ಟಿಯ ಚೂರು ಒರೆಸಿಕೊಂಡು ಎರಡನೆಯ ಸಲ ಒತ್ತಿದ.

ಚೆಂಡು ಹೋದದ್ದನ್ನು ಯಾರೂ ನೋಡಲಿಲ್ಲ. ನೋಡಿದಾಗ ಮರ್ವಿನನ ಒಂದು ಚೆಂಡು ಎಡಮೂಲೆಯಲ್ಲಿತ್ತು, ಇನ್ನೊಂದು ಬಲಮೂಲೆಯಲ್ಲಿತ್ತು. ಬಿಳಿ ಗುಂಡೂ ಲಿಂಡ್ಸೆಯ ಚೆಂಡೂ ಕೊನೆಯ ಕಾಲುವೆಯೊಳಗೆ ಒಂದಕ್ಕೊಂದು ಒರಗಿ ಕುಳಿತಿದ್ದವು. ಬಿಳಿ ಗುಂಡನ್ನು ಮುಟ್ಟಿದ ಚೆಂಡು ಕಾಲುವೆಗೆ ಬಿದ್ದರೂ ಜೀವಂತ, ಲೆಕ್ಕಕ್ಕೆ ಬರುತ್ತದೆ. ಗ್ಲೆನಿಸ್ ಒಮ್ಮೆ ಹಾಗೇ ಗೆದ್ದಿದ್ದಳು, ಮರ್ವಿನನ ಮೇಲೆಯೇ. ಪೀಪಿ ಊದಿ, ಪರದೆಯ ಮೇಲೆ ಲಿಂಡ್ಸೆಗೆ ಒಂದು ಅಂಕ ಮೂಡಿತು.

"ಮೋಸ! ಯಂತ್ರ ಜೋರಾಯ್ತು!" ಎಂದು ಮರ್ವಿನ್ ಎದ್ದು ನಿಂತ.

"ಯಾರಾದ್ರೂ ಮುಟ್ಟಿದ್ರಾ?" ಎಂದಳು ಗ್ಲೆನಿಸ್. "ಏನೇ ಆಗ್ಲಿ ಅಂದೋರು ನೀವೇ ಅಲ್ವೇನ್ರೀ? ಕುತ್ಕೊಳ್ಳಿ, ಚಹಾ ಕುಡೀರಿ." ಮರ್ವಿನನ ಮುಖ ಇಂಗು ತಿಂದ ಮಂಗನಂತಾಯಿತು. ಪಾಪ, ಎರಡು ಕಪ್ ಚಹಾ ಕುಡಿದು ಹೋದ.

ವಾರಿಕ್ ಮೊದಲೇ ಕೇಳಿದ್ದ ಪ್ರಶ್ನೆಗೆ ಫಿನ್‌ಲ್ಯಾಂಡಿನವನಿಂದ ಮರುದಿನ ಉತ್ತರ ಬಂತು. ಆಟ ಜೋರಾದರೆ ನಿಧಾನ ಮಾಡಲು ಒಂದು ಕೀಲಿ ಇದೆ, ಅದನ್ನು ಒತ್ತಿದರೆ ಸಾಕಂತೆ. ವಾರಿಕ್ ಅದನ್ನು ಓದಿ ಹೇಳಿದಾಗ ಲಿಂಡ್ಸೆ ತಲೆ ಅಲ್ಲಾಡಿಸಿದ.

"ಬೇಡ ಬಿಡು. ನಂಗೆ ಗ್ಲೆನ್ ಓಡ್ತಿದ್ರೇನೇ ಸರಿ."

ಗ್ಲೆನಿಸ್ ಹಿಡಿದ ವೀಡಿಯೋ ನಾವೆಲ್ಲ ನೋಡಿದೆವು. ಅದರಲ್ಲಿ ಲಿಂಡ್ಸೆ ಇಲ್ಲ. ನೆಲ ಇದೆ, ನನ್ನ ಚಪ್ಪಲಿ ಇದೆ, ಅವಳ ಹೆಬ್ಬೆರಳು ಬಹಳ ಹೊತ್ತು ಇದೆ. ಕೊನೆಯಲ್ಲಿ ಮಾತ್ರ "ಭಲೇ ಲಿಂಡ್ಸೆ!" ಎಂದು ಒಂದು ಕಿರುಚಾಟ, ಮೊಬೈಲು ನೆಲಕ್ಕೆ ಬಿದ್ದ ಸದ್ದು. ಲಿಂಡ್ಸೆ ಅದನ್ನೂ ಡಿಸ್ಕಿಗೆ ಹಾಕಿಸಿದ, ಹತ್ತನೆಯದಾಗಿ.

ಹಲಗೆಯ ಮೇಲೆ ಎಲ್. ಟ್ರೆಂಬಾತ್ ಎಂದು ಬರೆಸಿ ಇನ್ನೂ ಮೂರು ತಿಂಗಳಾಗಿಲ್ಲ. ನಿನ್ನೆ ಬಣ್ಣದವನನ್ನು ಮತ್ತೆ ಕರೆಸಬೇಕಾಯಿತು. ಬೇರೆ ಹೆಸರುಗಳೆಲ್ಲ ಫಳಫಳ ಹೊಳೆಯುತ್ತಿವೆ. ಆ ಒಂದು ಸಾಲಿನ ಚಿನ್ನ ಮಾತ್ರ ಒರೆಸಿ ಒರೆಸಿ ಹೋಗಿಬಿಟ್ಟಿದೆ.