ಬಳೆಗಾರ್ತಿಯ ಬೆರಳು ಗುರುತಿಸಿದ ಕೈ

ಭಾಲ್ಕಿಯ ಬಳೆಗಾರ್ತಿ ಮುನ್ನಿಬೀಗೆ ಮುಖಗಳು ನೆನಪಿರುತ್ತಿರಲಿಲ್ಲ, ಹೆಸರುಗಳೂ ಅಷ್ಟೇ. ಯಾರಾದರೂ ದಾರಿಯಲ್ಲಿ ನಿಲ್ಲಿಸಿ, ‘ನಮ್ಮ ಸೊಸಿ ಬಳಿ ಅಳತಿ ಎಷ್ಟರೀ?’ ಎಂದರೆ, ಕಣ್ಣು ಮುಚ್ಚಿ, ಕಾಣದ ಕೈಯೊಂದನ್ನು ಹಿಚುಕುವಂತೆ ಬೆರಳಾಡಿಸಿ, ‘ಸವಾ ಎರಡು, ಎರಡೂಕಾಲು’ ಎನ್ನುವಳು. ತಪ್ಪುತ್ತಿರಲಿಲ್ಲ. ‘ತಲ್ಯಾಗ ಏನೂ ಇಲ್ರಿ, ಎಲ್ಲಾ ಬೆರಳಾಗ ಅದ’ ಎಂದು ನಗುವಳು.

ನಿಜಾಮನ ರಾಜ್ಯ ಬಿದ್ದ ಪೊಲೀಸ್ ಕಾರ್ಯಾಚರಣೆಯ ವರ್ಷ ಆ ನಗು ಹೋಯಿತು. ಔರಾದ ಕಡೆಯ ಹಳ್ಳಿಯಲ್ಲಿ ಮುಸ್ಲಿಮರ ಮೇಲೆ ಎರಗಿದ ಗುಂಪು ಅವಳ ತಂಗಿಯ ಗಂಡನನ್ನು ಕೊಂದಿತು. ಹೆಂಗಸರು ಬಾವಿಗೆ ಹಾರಿದರು. ತಂಗಿಯ ಹದಿನಾರರ ಮಗಳು ಆಬೇದಾಳೂ ಹಾರಿದಳೆಂದು ಸುದ್ದಿ ಬಂತು, ಹೆಣ ಸಿಗಲಿಲ್ಲ. ತಂಗಿ ಅಕ್ಕನ ಮನೆ ಸೇರಿದಳು.

ಎರಡು ವರ್ಷದ ಮೇಲೆ ಎಕಂಬಾ ಹಳ್ಳಿಯಲ್ಲಿ ಭಾಗೀರಥಿಬಾಯಿ ಎಂಬಾಕೆ ಸೊಸೆಗೆ ಹಸಿರು ಬಳೆ ಇಡಿಸಲು ಕರೆದಳು. ಮುಖ ಕಾಣದಂತೆ ಸೆರಗು ಹೊದ್ದ ಸೊಸೆ ಕೈ ಚಾಚಿದಳು. ಹೆಬ್ಬೆರಳ ಬುಡ ಒತ್ತಿದ ಮುನ್ನಿಬೀಯ ಬೆರಳುಗಳು ನಿಂತುಬಿಟ್ಟವು. ಕಿರುಬೆರಳ ಗೆಣ್ಣು ಒಳಕ್ಕೆ ಬಾಗಿತ್ತು. ತಂಗಿಯ ಮಗಳು ಏಳನೇ ವರ್ಷದಲ್ಲಿ ಬಾಗಿಲಿಗೆ ಬೆರಳು ಸಿಕ್ಕಿಸಿಕೊಂಡಾಗ ಬಟ್ಟೆ ಕಟ್ಟಿದವಳು ತಾನೇ. ಅವಳು ಸತ್ತಿದ್ದಾಳೆ ಎಂದಿತು ತಲೆ. ಬೆರಳು ಕೇಳಲಿಲ್ಲ.

ಅತ್ತೆ ಬಳೆಯ ಬೆಲೆಗೆ ಜೋಳ ತರಲು ಒಳಗೆ ಹೋದಳು.

‘ಆಬೇದಾ?’

ಸೊಸೆ ದನಿ ತಗ್ಗಿಸಿ ದೊಡ್ಡಮ್ಮನಿಗೆ ಹೇಳಿದಳು. ‘ಆ ಹೆಸರ ತಗೀಬ್ಯಾಡ ಖಾಲಾ. ಈಗ ನಾ ಶಾಂತಾಬಾಯಿ. ಬಾವಿ ದಂಡಿಮ್ಯಾಗ ನಿಂತಾಗ ಈ ಮನಿ ಮಗ ಹಿಡಕೊಂಡ. ಉಳಿಸಿದ್ನೋ, ಎಳಕೊಂಡ ಬಂದ್ನೋ, ನನಗ ಇನ್ನಾ ತಿಳೀವಲ್ದು.’ ತೊಟ್ಟಿಲ ಕಡೆ ನೋಡಿದಳು. ‘ಕೂಸದ. ಅಮ್ಮೀಗಿ ಹೇಳಬ್ಯಾಡ.’

ಅಂದಿನಿಂದ ಯಾರ ಕೈ ಹಿಡಿದರೂ ಮುನ್ನಿಬೀಗೆ ಆ ಗೆಣ್ಣೇ ತಗಲುತ್ತಿತ್ತು. ಅಳತೆ ತಪ್ಪತೊಡಗಿತು, ಬಳೆ ಒಡೆದು ಹೆಂಗಸರ ಕೈ ಗೀರಿದವು. ಮೂರು ತಿಂಗಳು ತಡೆದು, ಒಂದು ಮಧ್ಯಾಹ್ನ ತಂಗಿಗೆ ಹೇಳಿಬಿಟ್ಟಳು.

ತಂಗಿ ಅಳಲಿಲ್ಲ. ‘ಕೈ ಬೆಚ್ಚಗಿತ್ತೇನು?’ ಎಂದಳು.

‘ಇತ್ತು.’

ಮುಂದಿನ ಸಲ ತಂಗಿಯೂ ಬಳೆಗಳ ಗಂಟು ಹೊತ್ತು ಎಕಂಬಾಕ್ಕೆ ಹೋದಳು. ಸೊಸೆಯ ಎಡಗೈ ಮುನ್ನಿಬೀ ಹಿಡಿದಳು, ಬಲಗೈ ತಂಗಿ. ಬಳೆ ಇಡುವುದನ್ನು ಮರೆತು ಇಬ್ಬರೂ ಆ ಕೈಗಳನ್ನು ಹಿಡಿದೇ ಇದ್ದರು. ಎದುರಿಗಿದ್ದ ಭಾಗೀರಥಿಬಾಯಿ ಮೂವರನ್ನೂ ದಿಟ್ಟಿಸಿ, ಎದ್ದು, ಮಗುವನ್ನು ತಂಗಿಯ ತೊಡೆಯ ಮೇಲೆ ಇಟ್ಟಳು.

‘ಸಾವಕಾಶ ಇಡಸ್ರಿ. ಗಡಬಡಿ ಏನಿಲ್ಲ’ ಎಂದು ಹೊರಗೆ ಹೋಗಿ ಕಟ್ಟೆಯ ಮೇಲೆ ಕುಳಿತಳು.

ತಂಗಿ ತೀರುವವರೆಗೂ ವರ್ಷಕ್ಕೆರಡು ಸಲ ಹಾಗೆ ಹೋಗಿ ಬಂದರು. ಆಬೇದಾ ಎಂಬ ಹೆಸರನ್ನು ಆ ಮನೆಯಲ್ಲಿ ಮತ್ತೆ ಯಾರೂ ಎತ್ತಲಿಲ್ಲ.